ಸಭೆಯಕ್ಕನ ಉದ್ದ ಭಾಷಣ

ಸೊಪ್ಪು ಮಾರುವ ಆ ಹೆಂಗಸಿಗೆ ಮಾರುಕಟ್ಟೆಯವರು ಸಭೆಯಕ್ಕ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ತಿಂಗಳಿಗೊಮ್ಮೆ ನಾಗರಿಕರ ಸಭೆ ಸೇರಿತೆಂದರೆ ಬುಟ್ಟಿಯನ್ನು ಓರಗಿತ್ತಿಗೆ ಒಪ್ಪಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತಾ ಹಿಂದಿನ ಬೀದಿಯ ವಾಚನಾಲಯಕ್ಕೆ ಓಡುವವಳೇ. ನಾಲ್ಕು ಜನ ಕೂತು ಮಾತಾಡಿದರೆ ಆಗದ ಕೆಲಸವಿಲ್ಲ ಎಂದು ನಂಬಿದ್ದಳು. ನಂಬದೆ ಇನ್ನೇನು? ಬೀದಿದೀಪ ಬಂದದ್ದು, ಚರಂಡಿಗೆ ಚಪ್ಪಡಿ ಬಿದ್ದದ್ದು ಆ ಸಭೆಯಿಂದಲೇ.

ಒಂದು ತಿಂಗಳು ಜ್ವರ ಬಂದು ಹೋಗಲಾಗಲಿಲ್ಲ. ಅಷ್ಟರಲ್ಲಿ ಸಭೆ ಮಾರುಕಟ್ಟೆಯ ಹೆಂಗಸರ ಶೌಚಾಲಯವನ್ನು ನುಂಗಿ ನೀರು ಕುಡಿದಿತ್ತು. ವಾಚನಾಲಯಕ್ಕೆ ವಾಸನೆ ಬರುತ್ತದಂತೆ! ತೊಳೆಸೋಣ ಎನ್ನುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಸಭೆಯ ಕುರ್ಚಿಗಳನ್ನು ಅದರೊಳಗೇ ಪೇರಿಸಿ ಬೀಗ ಜಡಿದರು. ಬಸುರಿ ಓರಗಿತ್ತಿ ಬಾಗಿಲ ತನಕ ಹೋಗಿ ಹಲ್ಲು ಕಚ್ಚಿಕೊಂಡು ವಾಪಸು ಬಂದಳು. ಉಳಿದವರು ವ್ಯಾಪಾರದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟರು. ಕುರ್ಚಿಗಳಿಗಿರುವ ಮರ್ಯಾದೆ ಮನುಷ್ಯರಿಗಿಲ್ಲ!

ಮುಂದಿನ ಸಭೆಗೆ ಸಭೆಯಕ್ಕ ಕೆಂಡವಾಗಿ ಹೋದಳು.

"ಯಾರನ್ನ ಕೇಳಿ ಬೀಗ ಹಾಕಿದ್ರಿ ಸಾರ್?"

ಅಧ್ಯಕ್ಷರು ನಿವೃತ್ತ ಮೇಷ್ಟ್ರು. ನಕ್ಕರು. "ಸರ್ವಾನುಮತದಿಂದಾನೇ ಆಗಿದ್ದಮ್ಮ. ಬರದೇ ಇದ್ದೋರದ್ದೂ ಒಪ್ಪಿಗೆ ಅಂತಾನೇ ನಮ್ಮ ಪದ್ಧತಿ."

"ಬೆಳಿಗ್ಗೆ ವ್ಯಾಪಾರದ ಹೊತ್ತಲ್ಲಿ ಸಭೆ ಇಟ್ರೆ ನಮ್ಮೋರು ಹೆಂಗೆ ಬರ್ತಾರೆ? ಅವಸರಕ್ಕೆ ಅಂತ ಆ ಬಾಗಿಲನ್ನ ಒಂದ್ಸಲನಾದ್ರೂ ತೆಗೆದೋರು ಇಲ್ಲಿದ್ರೆ ಕೈ ಎತ್ತಿ, ನೋಡೋಣ."

ಮಾತೆತ್ತಿದರೆ ಕೈ ಎತ್ತುವ ಜನ ಈಗ ತೊಡೆಯ ಮೇಲಿಟ್ಟ ಕೈ ಕದಲಿಸಲಿಲ್ಲ. ಕೆಟ್ಟವರೇನಲ್ಲ, ಊರಿನ ಕಾಳಜಿ ಇರುವವರೇ. ಅವಳ ಹೊಟ್ಟೆ ಉರಿಸಿದ್ದೂ ಅದೇ. ತಮಗೆ ಬೇಡವಾದದ್ದು ಯಾರಿಗೂ ಬೇಡ ಎಂದುಕೊಳ್ಳುವ ಕಾಳಜಿಗೆ ಏನನ್ನಬೇಕು?

"ಮುಂದಿನ ತಿಂಗಳು ನೋಡೋಣಮ್ಮ," ಎಂದು ಅಧ್ಯಕ್ಷರು ಸಭೆ ಮುಗಿಸಲು ಎದ್ದರು.

ಆಗ ಅವಳ ಕಣ್ಣು ಕಿಟಕಿಯಾಚೆ ಹೋಯಿತು. ಸಭೆಗೆಂದು ಬೀಗ ತೆಗೆದು ತಂದ ಕುರ್ಚಿಗಳೆಲ್ಲ ಇಲ್ಲಿದ್ದವು. ಅಲ್ಲಿ ಶೌಚಾಲಯದ ಬಾಗಿಲು ಹಾರುಹೊಡೆದಿತ್ತು. ಅದರ ಮುಂದೆ ಹೆಂಗಸರ ಸಾಲು, ಮೊದಲಿಗೆ ಓರಗಿತ್ತಿ.

"ಕೂತ್ಕೊಳ್ಳಿ ಸಾರ್, ನನ್ನ ಮಾತು ಮುಗಿದಿಲ್ಲ."

ಮಾತಾಡುವವರನ್ನು ತಡೆಯಬಾರದು ಎಂಬುದೂ ಆ ಸಭೆಯ ಪದ್ಧತಿಯೇ. ಸಭೆಯಕ್ಕ ಬೀದಿದೀಪದಿಂದ ಶುರು ಮಾಡಿದಳು, ಚರಂಡಿಗೆ ಬಂದಳು, ಒಂದೊಂದು ಚಪ್ಪಡಿಯ ಕಥೆಯನ್ನೂ ಹೇಳಿದಳು. ಜನ ಆಕಳಿಸಿದರು. ಅಧ್ಯಕ್ಷರ ತಾಳ್ಮೆ ಕೆಟ್ಟಿತು.

"ಇನ್ನೂ ಎಷ್ಟು ಹೊತ್ತಮ್ಮ?"

ಅವಳು ಕಿಟಕಿಯಾಚೆ ನೋಡಿದಳು.

"ಇನ್ನೂ ಆರು ಜನ ಇದ್ದಾರೆ ಸಾರ್."