ಅವ್ವ ಓದದೆ ಬಿಟ್ಟ ಪುಟಗಳು

ಅವ್ವ ಅಕ್ಷರ ಕಲಿತಿದ್ದು ತೊಂಬತ್ತರ ದಶಕದಲ್ಲಿ, ನಾನು ಚಳ್ಳಕೆರೆಯಲ್ಲಿ ಕಾಲೇಜು ಓದುತ್ತಿದ್ದಾಗ. ನಮ್ಮೂರು ನನ್ನಿವಾಳದ ಶಾಲೆಯ ಜಗಲಿಯಲ್ಲಿ ಸಂಜೆ ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಶೇಂಗಾ ಹೊಲದ ಕೂಲಿ ಮುಗಿಸಿ, ಕೈಕಾಲು ತೊಳೆದುಕೊಂಡು ಅವ್ವ ಅಲ್ಲಿಗೆ ಹೋಗುತ್ತಿದ್ದಳು. ಮೊದಲು ಬಸ್ಸಿನ ಬೋರ್ಡು ಓದಿದಳು, ಆಮೇಲೆ ಕಾದಂಬರಿಗೇ ಕೈ ಹಾಕಿದಳು.

ನಾನು ಲೈಬ್ರರಿಯಿಂದ ತರುತ್ತಿದ್ದ ಜನಪ್ರಿಯ ಕಾದಂಬರಿಗಳೆಂದರೆ ಅವಳಿಗೆ ಪ್ರಾಣ. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುವಳು. ಬಂಗಲೆಯ ನಾಯಕಿ ಮುನಿಸಿಕೊಂಡು ಊಟ ಬಿಟ್ಟರೆ "ಕೆಲ್ಸ ಇಲ್ದೋಳು" ಎಂದು ಬೈಯುವಳು. ಪುಸ್ತಕ ಮಾತ್ರ ಕೆಳಗಿಡಳು.

ಒಮ್ಮೆ ನನ್ನ ಪಠ್ಯಕ್ಕಿದ್ದ ದಪ್ಪ ಹಳೆಯ ಕಾದಂಬರಿಯನ್ನು ಎತ್ತಿಕೊಂಡಳು. ಅತ್ತೆ ಸೊಸೆಯರ ಕತೆ. ನಾನು ಸಾರಾಂಶ ಓದಿಯೇ ಪರೀಕ್ಷೆ ಪಾಸು ಮಾಡಿದ್ದೆ. ಅವಳು ತಿಂಗಳುಗಟ್ಟಲೆ ಓದಿ, ಕೊನೆಗೆ ಒಂದು ದಿನ ಪುಸ್ತಕ ಮುಚ್ಚಿಟ್ಟಳು.

"ಮುಗೀತೇನವ್ವ?"

"ಇಲ್ಲ. ಮುದುಕಿಗೆ ಜ್ವರ ಬಂದೈತೆ. ಮುಂದೆ ಓದಿದ್ರೆ ಸತ್ತೋಗ್ತಾಳೆ. ಆ ಸೊಸೆ ಒಂದ್ ಗುಟುಕು ನೀರೂ ಕೊಡಲ್ಲ. ಇಲ್ಲಿಗೇ ಇರ್ಲಿ ಬಿಡು."

"ಅದು ಬರೀ ಕತೆ ಕಣವ್ವ."

"ನಿಂಗೆ ಕತೆ. ಇಷ್ಟು ದಿನ ನನ್ ಜೊತೆಗಿದ್ದೋಳು ಅವಳು."

ಪುಸ್ತಕ ಲೈಬ್ರರಿಗೆ ವಾಪಸಾಯಿತು. ನನಗೆ ಮೊಳಕಾಲ್ಮೂರಿನಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಅವ್ವನ ಕಣ್ಣು ಮಂಜಾಗಿತ್ತು. ಭಾನುವಾರ ಊರಿಗೆ ಬಂದಾಗ ನಾನೇ ಓದಿ ಹೇಳುತ್ತಿದ್ದೆ; ಬೇಗ ಮುಗಿಯುತ್ತವೆಂದು ಸಣ್ಣ ಕಾದಂಬರಿಗಳನ್ನೇ ತರುತ್ತಿದ್ದೆ. ಒಂದು ಭಾನುವಾರ ಅವಳಾಗಿಯೇ ಕೇಳಿದಳು: "ಆ ಮುದುಕಿ ಏನಾದ್ಲೋ. ಈಗ ಕೇಳ್ತೀನಿ, ಓದು."

ಚಳ್ಳಕೆರೆ ಲೈಬ್ರರಿಯಲ್ಲಿ ಹುಡುಕಿದೆ. ಒಯ್ದವರು ಯಾರೋ ಹಿಂತಿರುಗಿಸಿರಲಿಲ್ಲ. ಜೊತೆಗೆ ಕೆಲಸ ಮಾಡುವವರೊಬ್ಬರು ದಾವಣಗೆರೆಯಿಂದ ತರಿಸಿಕೊಡುವ ಹೊತ್ತಿಗೆ ಅವ್ವ ತೀರಿಕೊಂಡಿದ್ದಳು.

ಎಷ್ಟೋ ದಿನ ಅದನ್ನು ಬಿಚ್ಚಲಿಲ್ಲ. ಆಮೇಲೆ ಮೊದಲಿನಿಂದ ಓದಿದೆ. ಮುದುಕಿ ಸಾಯುತ್ತಾಳೆ, ನಿಜ. ಆದರೆ ಅದಕ್ಕೂ ಮೊದಲು ಎಷ್ಟೋ ಪುಟ ಬದುಕಿರುತ್ತಾಳೆ. ಸೊಸೆ ಗಂಜಿ ಕುಡಿಸುತ್ತಾಳೆ, ತಲೆ ಬಾಚುತ್ತಾಳೆ. ಮುದುಕಿ ಆಗಲೂ ಗಂಜಿಗೆ ಉಪ್ಪು ಸಾಲದೆಂದು ಗೊಣಗುತ್ತಾಳೆ. ಇಬ್ಬರೂ ನಗುತ್ತಾರೆ.

ಕಾಲೇಜಿನ ನಮ್ಮ ಮೇಷ್ಟ್ರು ಈ ಪುಟಗಳ ಬಗ್ಗೆ ಏನೂ ಹೇಳಿರಲಿಲ್ಲ. ಅವ್ವನಾದರೆ ಏನಾದರೂ ಹೇಳುತ್ತಿದ್ದಳು. ಸೊಸೆಯನ್ನು ನಂಬುತ್ತಿದ್ದಳೋ, "ಎಲ್ಲಾ ನಾಟ್ಕ" ಎನ್ನುತ್ತಿದ್ದಳೋ, ಊಹಿಸಲು ನೋಡುತ್ತೇನೆ. ತಿಳಿಯುವುದಿಲ್ಲ.