ಗೋಣೆಪ್ಪನ ಹರಿಗೋಲಿಗೆ ನಾಲ್ಕು ಹೋಲ್ಡರ್

ಅಂಬಿಗರ ಗೋಣೆಪ್ಪನ ಮುತ್ತಜ್ಜ, ನೆರೆ ಬಂದ ತುಂಗಭದ್ರೆಯಲ್ಲಿ ಬಾಣಂತಿಯೊಬ್ಬಳನ್ನು ತೊಟ್ಟಿಲ ಸಮೇತ ದಾಟಿಸಿದವನು. ಅಜ್ಜ ಆಳುದ್ದದ ಬಾಳೆಮೀನನ್ನು ಬರಿಗೈಲಿ ತಬ್ಬಿ ದಂಡೆಗೆ ತಂದವನು. ಅಪ್ಪ ಬಿದಿರಿನಲ್ಲಿ ಹೆಣೆದ ದುಂಡನೆಯ ಹರಿಗೋಲುಗಳು ಎರಡೂ ದಂಡೆಯ ಊರುಗಳ ನಡುವೆ ಓಡಾಡುತ್ತಿದ್ದವು. ಇಂಥ ಮನೆತನದ ಗೋಣೆಪ್ಪ ಅರವತ್ತರ ವಯಸ್ಸಿನಲ್ಲಿ ಗೇಣುದ್ದದ ಉಕ್ಕಿನ ಕೊಳವೆ ಕಂಡು ಹೊಟ್ಟೆ ಉರಿದುಕೊಂಡ.

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲರು ರವಿವಾರ ಗಾಳ ಹಾಕಲು ನಮ್ಮ ಹೊಳೆಗೆ ಬರುತ್ತಾರೆ. ಮೊದಲಿನಿಂದಲೂ ಅವರು ಹತ್ತುತ್ತಿದ್ದದ್ದು ಗೋಣೆಪ್ಪನ ಹರಿಗೋಲು. ಈ ವರ್ಷ ಪಕ್ಕದ ಓಣಿಯ ಜಾಕೀರ್ ಫೈಬರ್ ದೋಣಿ ತಂದ. ಅದರ ಅಂಚಿಗೆ ಗಾಳದ ಕೋಲು ಸಿಕ್ಕಿಸುವ ನಾಲ್ಕು ಉಕ್ಕಿನ ಕೊಳವೆ, ಅಂದರೆ ಹೋಲ್ಡರ್ ಬಿಗಿಸಿದ. ಕೋಲು ಅದರಲ್ಲಿ ನಿಂತಿತು, ಹಮಾಲರು ಚುರುಮುರಿ ತಿನ್ನುತ್ತ ಕೂತರು. ಅವತ್ತು ಹರಿಗೋಲು ಖಾಲಿ ಉಳಿಯಿತು.

ಮರುದಿನವೇ ಗೋಣೆಪ್ಪ ರಾಣೆಬೆನ್ನೂರಿನ ಬಸ್ಸು ಹತ್ತಿದ. ಅಲ್ಲಿ ಗಾಳದ ಸಾಮಾನಿನ ಅಂಗಡಿಯ ಪ್ರೇಮಕುಮಾರ ಪ್ಲಾಸ್ಟಿಕ್ಕಿನದು, ಹಲಗೆಗೆ ಬಡಿಯುವುದು, ತಿರುಪಿನಿಂದ ಅಂಚು ಕಚ್ಚುವ ಉಕ್ಕಿನದು, ಎಲ್ಲ ಮುಂದಿಟ್ಟ.

“ದೋಣಿ ಎಂಥಾದ್ರಿ ಕಾಕಾ?”

“ಅದನ್ಯಾಕ ಕೇಳ್ತೀಪಾ? ಜಾಕೀರ್ ಯಾವ್ದು ಒಯ್ದ?”

“ಉಕ್ಕಿಂದು, ನಾಲ್ಕು.”

“ಅದಕ್ಕಿಂತ ಉದ್ದಂದು ನಾಲ್ಕು ತಗಿ.”

“ಹರಿಗೋಲಿಗಾದ್ರ ಒಂದ ಸಾಕ್ರಿ. ಅದು ತಿರಗತೈತಿ.”

“ಅಂಬಿಗಗ ಹರಿಗೋಲು ಕಲಿಸಾಕ ಬಂದಿಯೇನು?”

ರವಿವಾರ ಹಳೆಯ ಮುಲಾಜಿಗೆ ಇಬ್ಬರು ಹಮಾಲರು ಹತ್ತಿದರು. ಗೋಣೆಪ್ಪ ಹರಿಗೋಲನ್ನು ಜಾಕೀರನ ದೋಣಿಯ ಎದುರಿಗೇ ಒಯ್ದು ನಿಲ್ಲಿಸಿದ, ಅಂಚಿನ ನಾಲ್ಕೂ ಕಡೆ ಬಿಗಿಸಿದ್ದ ಹೋಲ್ಡರಿಗೆ ಕೋಲು ಸಿಕ್ಕಿಸಿ ಮೀಸೆ ತಿರುವಿದ. ಹಿಂದೆಲ್ಲ ಒಂದು ಕೋಲಿಗೆ ಮೀನು ಕಚ್ಚಿದರೆ ಉಳಿದವರು ತಮ್ಮ ಕೋಲು ಎತ್ತಿಕೊಳ್ಳುತ್ತಿದ್ದರು. ಈಗ ಕೋಲುಗಳು ಕೊಳವೆಯಲ್ಲಿ ಭದ್ರ. ದೊಡ್ಡ ಮೀನೊಂದು ಜಗ್ಗಿದ್ದೇ ತಡ, ಹರಿಗೋಲು ಬೀಸುವ ಕಲ್ಲಿನಂತೆ ಗರಗರ ತಿರುಗಿತು. ನಾಲ್ಕೂ ದಾರ ಒಂದಕ್ಕೊಂದು ಸುತ್ತಿಕೊಂಡವು. ಉಕ್ಕು ಕಚ್ಚಿದ್ದ ಬಿದಿರಿನ ಅಂಚು ಚಟ್ಟನೆ ಸೀಳಿತು. ಮೀನು ಹೋಯಿತು.

“ಗೋಣೆಪ್ಪಣ್ಣ, ಮೀನು ಹಿಡಿಯಾಕ ಕರಕೊಂಡು ಬಂದೀಯೋ, ಹಗ್ಗ ಹೊಸಿಯಾಕೋ?” ಎಂದ ಒಬ್ಬ ಹಮಾಲ. ಇಬ್ಬರೂ ನಗುತ್ತಲೇ ಜಾಕೀರನ ದೋಣಿಗೆ ದಾಟಿಕೊಂಡರು.

ಜಾಕೀರ್ ನಗಲಿಲ್ಲ. ಹಗ್ಗದ ತುದಿ ಚಾಚಿದ. “ಕಾಕಾ, ಇದನ್ನ ಕಟ್ಟರಿ. ಅಂಚು ಸೀಳೇತಿ, ದಂಡಿತನಕ ಎಳಕೊಂಡು ಹೊಕ್ಕೇನಿ.”

ಗೋಣೆಪ್ಪ ಹಗ್ಗವನ್ನು ಮುಟ್ಟಲಿಲ್ಲ.

“ಬ್ಯಾಡ. ನಿನ್ನ ದೋಣಿ ಹಿಂದ ನನ್ನ ಹರಿಗೋಲು ಬರೂದನ್ನ ದಂಡಿ ಮಂದಿ ನೋಡೂದು ಬ್ಯಾಡ. ನೀ ನಡಿ ಮುಂದ. ನನ್ನ ಕೈಯಾಗ ಹುಟ್ಟು ಐತಿ.”