ಹಿಂದೆ ಪಾಯಸ ಇದೆ

ನಮ್ಮ ಕಾಲೇಜಿನ ಹಾಕಿ ಕೋಚ್ ಒಂದು ಕಾಲದಲ್ಲಿ ಸಂಬಳಕ್ಕೆ ಆಡಿದವರು, ಕಾರ್ಖಾನೆಯೊಂದರ ತಂಡದಲ್ಲಿ ಗೋಲಿನ ಮುಂದೆ ಚೆಂಡು ತಡೆಯುವ ಫುಲ್‌ಬ್ಯಾಕ್. ನನ್ನದೂ ಅದೇ ಜಾಗ, ಆಟ ಮಾತ್ರ ಅಜಗಜಾಂತರ. ನಾನು ಬಗ್ಗುತ್ತಿರಲಿಲ್ಲ. ಚೆಂಡು ಸ್ಟಿಕ್ಕಿನ ಕೆಳಗೆ ನುಸುಳಿ ಹೋಗುತ್ತಿತ್ತು. ಹಲಸೂರಿನ ಮಣ್ಣಿನ ಮೈದಾನದಲ್ಲಿ ನೆಪಕ್ಕೇನು ಬರ.

"ಕಲ್ಲಿಗೆ ತಗುಲಿ ತಿರುಗಿಬಿಡ್ತು ಸಾರ್."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ. ಸರಿ, ಡೊಂಕಿಲ್ಲದ ನೆಲ ತೋರಿಸ್ತೀನಿ ಬಾ."

ಆ ವರ್ಷದ ಪಂದ್ಯಾವಳಿ ಟರ್ಫ್ ಮೇಲೆ, ಸಮತಟ್ಟಾಗಿ ಹಾಸಿದ ಕೃತಕ ಹುಲ್ಲಿನ ಮೇಲೆ. ನಮ್ಮಲ್ಲಿ ಯಾರೂ ಟರ್ಫ್ ಮೆಟ್ಟಿರಲಿಲ್ಲ. ಕೋಚ್ ನಮ್ಮನ್ನು ತಮ್ಮ ಹಳೆಯ ಜೊತೆಯಾಟಗಾರರೊಬ್ಬರ ಕಲ್ಯಾಣ ಮಂಟಪಕ್ಕೆ ಕರೆದೊಯ್ದರು. ಮೊಸಾಯಿಕ್ ನೆಲ, ಕಲ್ಲೂ ಇಲ್ಲ, ಗುಂಡಿಯೂ ಇಲ್ಲ. ಶೂ ಹಾಕುವಂತಿಲ್ಲ, ಚೆಂಡನ್ನು ಬೀಸಿ ಹೊಡೆಯುವಂತಿಲ್ಲ, ಮದುವೆಯವರು ಬರುವಷ್ಟರಲ್ಲಿ ಜಾಗ ಖಾಲಿ ಮಾಡಬೇಕು. ಮೂರು ವಾರ ಬೆಳಗ್ಗೆ ಬೆಳಗ್ಗೆ ಕಾಲುಚೀಲದಲ್ಲಿ ಜಾರಿ ಜಾರಿ ಬಿದ್ದೆವು. ಚೆಂಡು ಮಾತ್ರ ನನ್ನನ್ನು ದಾಟಿ ಹೋಗುತ್ತಲೇ ಇತ್ತು, ಈಗ ದೂರಲು ಕಲ್ಲೂ ಇರಲಿಲ್ಲ.

"ಶನಿವಾರ ಲಿಸ್ಟ್ ಬರೀತೀನಿ. ಅಷ್ಟರಲ್ಲಿ ಬಗ್ಗಲಿಲ್ಲ ಅಂದ್ರೆ ನೀನಿಲ್ಲ ಅದ್ರಲ್ಲಿ" ಎಂದರು.

ಅಪ್ಪ ಆಗಲೇ ಅರ್ಧ ಕೆ.ಆರ್. ಪುರಕ್ಕೆ ಮಗ ಟರ್ಫ್ ಮೇಲೆ ಆಡುತ್ತಾನೆಂದು ಹೇಳಿಯಾಗಿತ್ತು. ಲಿಸ್ಟಿನಲ್ಲಿ ಹೆಸರಿಲ್ಲದಿದ್ದರೆ ಊರೊಳಗೆ ತಲೆಯೆತ್ತಿ ಓಡಾಡುವಂತಿರಲಿಲ್ಲ.

ಶನಿವಾರ ಅಡುಗೆಯವರು ಬೇಗ ಬಂದುಬಿಟ್ಟಿದ್ದರು. ಕೋಚ್ ಚೆಂಡು ತಳ್ಳಿದರು. ಅದೇ ಹೊತ್ತಿಗೆ ನನ್ನ ಹಿಂದೆ ಇಬ್ಬರು ಪಾಯಸದ ಕೊಳಗ ಹೊತ್ತು ಹೊರಟಿದ್ದು ಓರೆಗಣ್ಣಿಗೆ ಬಿತ್ತು. ಹೇಗೆ ಬಗ್ಗಿದೆನೋ ಗೊತ್ತಿಲ್ಲ. ಮಂಡಿ ನೆಲಕ್ಕೆ ಉಜ್ಜಿ ತರಚಿತು, ಚೆಂಡು ಸ್ಟಿಕ್ಕಿಗೆ ತಗುಲಿ ನಿಂತಿತು. ಅಡುಗೆಯವರು ಏನೂ ತಿಳಿಯದೆ ದಾಟಿ ಹೋದರು.

"ಮೂರು ವಾರ ನಾನು ಬಾಯಿ ಬಡ್ಕೊಂಡ್ರೂ ಬಗ್ಗದ ಸೊಂಟ ಪಾಯಸಕ್ಕೆ ಬಗ್ತಲ್ಲ" ಎಂದು ಜೇಬಿನಿಂದ ಚೀಟಿ ತೆಗೆದು ನನ್ನ ಹೆಸರು ಬರೆದರು. "ಇನ್ಮೇಲೆ ಯಾವಾಗ್ಲೂ ಹಿಂದೆ ಪಾಯಸ ಇದೆ ಅಂದ್ಕೊಂಡೇ ಆಡು ಮಗಾ."

ಪಂದ್ಯದಲ್ಲಿ ಅವರು ಗೆರೆಯಾಚೆಯಿಂದ "ಪಾಯಸ, ಪಾಯಸ" ಎಂದು ಕೂಗುತ್ತಿದ್ದರೆ ಎದುರಾಳಿಗಳು ಕಕ್ಕಾಬಿಕ್ಕಿಯಾಗಿ ಅತ್ತಿತ್ತ ನೋಡುತ್ತಿದ್ದರು. ಎರಡನೇ ಪಂದ್ಯದಲ್ಲೇ ಸೋತೆವು. ನನ್ನಿಂದಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆಮೇಲೆ ನಾನು ಕಗ್ಗದಾಸಪುರದಲ್ಲಿ ಮನೆ ಮಾಡಿದೆ. ಹಲಸೂರು ಅಲ್ಲಿಂದ ಎಷ್ಟು ದೂರ? ಆದರೂ ಅವರನ್ನು ನೋಡಲು ಹೋಗಲಿಲ್ಲ, ಈ ವಾರ ಬೇಡ ಮುಂದಿನ ವಾರ ಎಂದೇ ವರ್ಷಗಳು ಹೋದವು. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಹೋದದ್ದು ಅವರ ಹದಿಮೂರನೆಯ ದಿನದ ಊಟಕ್ಕೆ. ಅದೇ ಮಂಟಪ, ಅದೇ ಮೊಸಾಯಿಕ್.

ಹಳೆಯ ತಂಡದವರು ನಾಲ್ವರು ಒಂದೇ ಸಾಲಿನಲ್ಲಿ ಕೂತಿದ್ದೆವು. ಬಡಿಸುವವನ ಕೈಯಿಂದ ಲಾಡೊಂದು ಜಾರಿ ನೆಲದ ಮೇಲೆ ಉರುಳಿತು. ಹೊಟ್ಟೆ ಬಂದಿದ್ದ ನಾಲ್ವರೂ ಎಲೆ ಬಿಟ್ಟು ಒಟ್ಟಿಗೆ ಬಗ್ಗಿದೆವು. ಅದು ನನ್ನ ಅಂಗೈಗೆ ಬಂದು ನಿಂತಿತು. ಪಕ್ಕದವನು ನಗತೊಡಗಿದ, ನನಗೂ ನಗು ಬಂತು.

ಬಗ್ಗಿದವನು ಏಳುವ ಮುಂಚೆ ಬೆನ್ನ ಹಿಂದೆ ಯಾರೋ ಕೇಳಿದರು: "ಸಾರ್, ಪಾಯಸ ಹಾಕ್ಲಾ?"

ನಾನು ಬಗ್ಗಿದಲ್ಲೇ ಅತ್ತುಬಿಟ್ಟೆ.